ನೂರು ಮೀಟರಿನ ವಾಚು

ಬಾವಿ ಕಂಡರೆ ಮೊದಲಿನಿಂದಲೂ ನನ್ನೆದೆ ಡವಡವ ಅನ್ನುತ್ತೆ. ನಮ್ಮೆಜಮಾನ್ರಿಗೋ ದಿನಾ ತೋಟದ ಬಾವೀಲಿ ಈಜದಿದ್ದರೆ ಅನ್ನ ಇಳಿಯಲ್ಲ. ಹೋದ ವರ್ಷ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದರು. ನಿಧಾನಕ್ಕೆ ಈಜಲಿ, ಮುಳುಗೋದು ಬೇಡ, ಎದೆಬಡಿತ ನೂರಿಪ್ಪತ್ತು ದಾಟಬಾರದು ಅಂದರು ಡಾಕ್ಟ್ರು. ಬಡಿತ ನೋಡೋ ವಾಚು ಕಟ್ಟಿಕೊಂಡರೆ ಮಾತ್ರ ಬಾವಿಗೆ ಬಿಡ್ತೀನಿ ಅಂತ ನಾನು ಹಟ ಹಿಡಿದೆ.

ಶಿರಾದ ಅಂಗಡೀಲಿ ಮೂವತ್ತು ಮೀಟರ್ ಅಂತ ಬರೆದಿದ್ದ ವಾಚನ್ನು ಎತ್ತಿಕೊಂಡೆ. ನಮ್ಮ ಬಾವಿಯಲ್ಲಿರೋದೇ ಐದಾಳುದ್ದ ನೀರು, ಇದು ಹದಿನೈದಾಳಿಗೂ ತಡೆಯುತ್ತಲ್ಲ ಅನ್ನೋದು ನನ್ನ ಜಾಣತನ. ಅಂಗಡಿಯ ಸಾಬರು ಹಣೆ ಚಚ್ಚಿಕೊಂಡರು. "ಅಯ್ಯೋ ಅಕ್ಕಾ, ಅದು ಕೈ ತೊಳೆಯಾಕೆ, ಮಳೆ ಹನಿಗೆ. ಈಜಾಕೆ ನೂರು ಮೀಟರಿಂದೇ ಬೇಕು." ಅದನ್ನೇ ತಂದೆವು. ಬಡಿತ ನನ್ನ ಫೋನಿನಲ್ಲೂ ಕಾಣೋ ಹಂಗೆ, ನೂರಿಪ್ಪತ್ತು ದಾಟಿದರೆ ವಾಚು ಕೂಗೋ ಹಂಗೆ ಮಾಡಿಕೊಟ್ಟರು.

ಮಾರನೇ ಬೆಳಿಗ್ಗೆ ಬಾವಿಯ ಕೆಳಗಿನ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತೆ. ತೊಂಬತ್ತಾರು, ತೊಂಬತ್ತೆಂಟು. ಕಣ್ಣು ಮಿಟುಕಿಸೋಕೂ ಭಯ. ಇವರು ಎರಡು ಸುತ್ತು ಈಜಿ, "ನೂರು ಮೀಟರಿಂದು ಕಣೇ, ಐದಾಳು ಯಾವ ಲೆಕ್ಕ?" ಅಂದವರೇ ಮುಳುಗಿಬಿಟ್ಟರು. ನಮ್ಮ ಕಡೆ ಮುಳುಗಿದವರು ತಳದ ಮಣ್ಣು ಒಂದು ಮುಷ್ಟಿ ತಂದು ತೋರಿಸಬೇಕು, ಇಲ್ಲದಿದ್ದರೆ ಯಾರೂ ಒಪ್ಪಲ್ಲ. ಅರವತ್ತಾದರೂ ಆ ಚಪಲ ಬಿಟ್ಟಿಲ್ಲ, ಹಾಳಾದ್ದು!

ಫೋನಿನಲ್ಲಿ ಅಂಕಿ ಮಾಯವಾಗಿ ಎರಡು ಗೀಟು ಬಂದವು. ನೀರೊಳಗಿನಿಂದ ಫೋನಿಗೆ ಸಿಗ್ನಲ್ ಬರಲ್ಲ ಅಂತ ನನಗೇನು ಗೊತ್ತು? ಎದೆ ನಿಂತೇ ಹೋಯಿತು ಅಂದುಕೊಂಡೆ. "ಯಾರಾದ್ರೂ ಬನ್ರಪ್ಪೋ!" ಅಂತ ಕಿರುಚಿದೆ. ತೋಟದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಈಜು ಬಾರದ ನಾನು ಹಾರಿಬಿಟ್ಟೆ.

ಮೂಗು, ಬಾಯಿಗೆಲ್ಲ ನೀರು. ಕಾಲಿಗೆ ಏನೂ ಸಿಗಲಿಲ್ಲ. ಸತ್ತೆ ಅಂದುಕೊಳ್ಳುವಾಗ ಯಾರೋ ಜಡೆ ಹಿಡಿದು ಎಳೆದು ಮೆಟ್ಟಿಲಿಗೆ ಹಾಕಿದರು. ಇವರೇ.

"ಲೇ, ಹುಚ್ಚು ಹಿಡೀತೇನೇ ನಿಂಗೆ?" ಅಂದರು. ವಾಚು ಕೂಗತೊಡಗಿತು. ನೂರಾ ಐವತ್ನಾಲ್ಕು. ಎದೆಗೆ ಕೈಯೊತ್ತಿ ಕುಸಿದು ಕೂತರು. ಬಾವಿ ಮಾಡದ್ದನ್ನು ನಾನೇ ಮಾಡಿದ್ದೆ.

"ರೀ, ನೋಯ್ತೈತಾ?"

ಇಲ್ಲ ಅಂತ ತಲೆಯಾಡಿಸಿದರು. ನಾನು ನಂಬಲಿಲ್ಲ. ವಾಚು ಕೂಗೋದು ನಿಂತ ಮೇಲೂ ಅವರು ನನ್ನ ಬೆನ್ನು ತಟ್ಟುತ್ತಲೇ ಇದ್ದರು, ನಾನು ಅವರ ಮೂಗಿನ ಹತ್ತಿರ ಬೆರಳಿಟ್ಟುಕೊಂಡೇ ಇದ್ದೆ.