ಸೀರೆ ಟ್ರಂಕಿನಲ್ಲಿ ಹೋದ ಗ್ಲಾಸುಗಳು

ನಮ್ಮ ಕಡೆ ವೈನ್ ಶಾಪ್ ಎಂದು ಬೋರ್ಡು ಹಾಕಿದ ಅಂಗಡಿಯಲ್ಲಿ ಎಲ್ಲವೂ ಸಿಗುತ್ತದೆ, ವೈನ್ ಒಂದನ್ನು ಬಿಟ್ಟು. ಇಳಕಲ್ಲಿನ ಅಂಥದೊಂದು ಅಂಗಡಿಗೆ ಮೊದಲ ಸಲ ಹೋಗಿ ಕೆಂಪು ವೈನ್ ಕೇಳಿದಾಗ, ಜಾಲರಿಯ ಹಿಂದೆ ಕೂತಿದ್ದವನು ಮನೆಯಲ್ಲಿ ಯಾರಿಗೆ ರಕ್ತ ಕಡಿಮೆಯಾಗಿದೆ ಎಂದು ವಿಚಾರಿಸಿದ. ಆಮೇಲೆ ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಧೂಳು ಹಿಡಿದ ಬಾಟಲಿ ಇಳಿಸಿ, ಅಂಗಿಯ ತುದಿಯಿಂದ ಒರೆಸಿ ಕೊಟ್ಟ. ಎಷ್ಟು ಬೇಸಿಗೆ ಕಂಡಿತ್ತೋ ಏನೋ, ಒಳಗಿದ್ದದ್ದು ಹುಣಸೆ ಹುಳಿಯಾಗಿತ್ತು. ಆದರೂ ಆ ಹುಳಿಯ ಕೆಳಗೆ, ಬಹಳ ಹಿಂದೆ, ಒಣಗಿದ ನೇರಳೆ ಹಣ್ಣಿನಂಥ ಏನೋ ಒಂದು ಇತ್ತು. ಅದು ಏನೆಂದು ಹಿಡಿಯಲೇಬೇಕು ಎಂದು ಹೊರಟವನು ನಾನು, ಇನ್ನೂ ನಿಂತಿಲ್ಲ.

ನಮ್ಮದು ಸೀರೆ ಅಂಗಡಿ. ಅಜ್ಜನ ಕಾಲಕ್ಕೆ ಮನೆಯೊಳಗೆ ಮಗ್ಗವಿತ್ತು. ಈಗ ಮುಂದೆ ಅಂಗಡಿ, ಹಿಂದೆ ಮನೆ, ಎರಡಕ್ಕೂ ನಡುವೆ ಒಂದು ಪರದೆ. ಮನೆಯಲ್ಲಿ ಯಾರೂ ಕುಡಿದವರಲ್ಲ. ನನಗೆ ಗುರುವಿಲ್ಲ, ಕ್ಲಾಸಿಲ್ಲ. ಫೋನಿನಲ್ಲಿ ನೋಡಿದ್ದು, ಹುಬ್ಬಳ್ಳಿಗೆ ಹೋದಾಗ ದೊಡ್ಡ ಅಂಗಡಿಯಿಂದ ಒಂದೊಂದೇ ಬಾಟಲಿ ತಂದದ್ದು, ಮೂಗು ಹಾಕಿ ಕೂತದ್ದು, ಇಷ್ಟೇ. ತಪ್ಪುಗಳನ್ನೂ ನಾನೇ ಮಾಡಿ ನಾನೇ ತಿದ್ದಿಕೊಂಡೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾನು ಏಪ್ರಿಲ್‌ನಲ್ಲಿ ನಮ್ಮ ಕೋಣೆಯ ಉಷ್ಣತೆಯಲ್ಲಿ ಕುಡಿದೆ. ಕಷಾಯ. ಅವರು ಹೇಳುವ ಕೋಣೆ ಯಾವ ದೇಶದ್ದೋ! ಆಮೇಲೆ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ, ನೀರಿನ ಹರವಿಯ ಪಕ್ಕ ಗಾಳಿ ಆಡುವ ಕಡೆ ಇಡುವುದನ್ನು ರೂಢಿ ಮಾಡಿದೆ. ಸರಿಯಾಗಿ ಬಂತು.

ವೈನ್ ಪರೀಕ್ಷಿಸುವವರಂತೆ ರುಚಿ ನೋಡಿ ಉಗುಳುವುದನ್ನು ಮಾತ್ರ ಬೇಗ ಕಲಿತೆ. ಎಲೆ ಅಡಿಕೆಯ ಊರಿನಲ್ಲಿ ಅದಕ್ಕೆ ಪಾಠ ಬೇಕಾಗಿಲ್ಲ. ನುಂಗದಿದ್ದರೆ ಅದು ಕುಡಿತವಲ್ಲ ಎಂದು ಅವ್ವನಿಗೆ ಒಂದು ಮಧ್ಯಾಹ್ನವಿಡೀ ವಿವರಿಸಿದೆ. ಅವಳು ಕಾಳು ಹಸನು ಮಾಡುತ್ತ ಎಲ್ಲವನ್ನೂ ಕೇಳಿದಳು.

“ಉಗುಳೂದಿದ್ರ ಬಾಯಾಗರೆ ಯಾಕ ಹಾಕ್ಕೋತಿ?” ಎಂದಳು.

ಆದರೆ ಅಂದಿನಿಂದ ಅವಳು ಬೈಯುವುದನ್ನು ಬಿಟ್ಟಳು.

ಹುನಗುಂದದ ನನ್ನ ಗೆಳೆಯನೊಬ್ಬ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ರೂಮು ಮಾಡಿಕೊಂಡು ಕೆಲಸಕ್ಕಿದ್ದಾನೆ. ಸೀರೆ ಕೊಡಲು ಬಾಗಲಕೋಟೆಗೆ ಹೋದ ಭಾನುವಾರಗಳಲ್ಲಿ ಅವನ ರೂಮೇ ನನ್ನ ಪ್ರಯೋಗಶಾಲೆ. ಅವನು ಯಾವ ವಿಸ್ಕಿಗಾದರೂ ಸೋಡಾ ಸುರಿದು ಖಾರದ ಶೇಂಗಾ ತಿನ್ನುವವನು. ಒಮ್ಮೆ ನಾನು ಗ್ಲಾಸಿನೊಳಗೆ ಮೂಗಿಟ್ಟು ಬಹಳ ಹೊತ್ತು ಕೂತಾಗ, “ಲೇ, ಮೂಸಿ ನೋಡೂದು ಹೂವು. ಇದನ್ನ ಕುಡೀಬೇಕು,” ಎಂದ. ಆದರೆ ಅವನ ಮೂಗು ಚುರುಕು. ಹೊಗೆಯಾಡಿಸಿದ ಸ್ಕಾಟ್ಲೆಂಡಿನ ವಿಸ್ಕಿಯನ್ನು ಮೊದಲ ಸಲ ಮೂಸಿದವನೇ, ಇದು ದವಾಖಾನೆಯ ಹಿತ್ತಲಿನಲ್ಲಿ ಸೀತನಿ ಸುಟ್ಟಂತಿದೆ ಎಂದ. ಎಳೆ ಜೋಳದ ತೆನೆಯನ್ನು ಸೆಗಣಿ ಕುಳ್ಳಿನ ಬೆಂಕಿಯಲ್ಲಿ ಸುಡುವ ಹೊಗೆಯೂ ಅದರಲ್ಲಿತ್ತು, ಟಿಂಚರ್ ಕೂಡ ಇತ್ತು. ಅದಕ್ಕಿಂತ ಸರಿಯಾದ ವರ್ಣನೆಯನ್ನು ನಾನು ಎಲ್ಲಿಯೂ ಓದಿಲ್ಲ.

ಹೀಗೆ ನಮ್ಮದೇ ಮಾತು ಬೆಳೆಯಿತು. ಬಿಳಿ ವೈನಿಗೆ ದೋರಗಾಯಿ ಪೇರಲ, ಅಂದರೆ ಅರೆಹಣ್ಣಾದ ಸೀಬೆ, ಅದರ ಮೇಲೆ ಹಸಿಮೆಣಸಿನಕಾಯಿ ಮುರಿದ ವಾಸನೆ. ಎಳೆಯ ಕೆಂಪು ವೈನಿಗೆ ಮುಳ್ಳುಕಂಟಿಯ ಹುಳಿ ಕವಳಿ ಹಣ್ಣು. ಪೋರ್ಟ್‌ ಎಂಬ ಗಟ್ಟಿ ಸಿಹಿ ವೈನಿನಲ್ಲಿ ಎರಡು ಜಾತಿ: ಕೆಂಪನೆಯದು ನೇರಳೆಗೆ ಬೆಲ್ಲ ಹಾಕಿ ಕುದಿಸಿದ ಹಾಗೆ. ಪೀಪಾಯಿಯಲ್ಲಿ ಹಳತಾಗಿ ಕಂದು ಬಣ್ಣಕ್ಕೆ ತಿರುಗಿದ್ದು ನೇರವಾಗಿ ಅಮೀನಗಡದ ಕರದಂಟು. ಅದೇ ಬೆಲ್ಲ, ಅದೇ ಉತ್ತತ್ತಿ, ಅದೇ ಹುರಿದ ಅಂಟು. ಕರದಂಟು ತಿಂದು ಬೆಳೆದವನಿಗೆ ಆ ಪೋರ್ಟ್ ವಿದೇಶದ್ದು ಅನ್ನಿಸುವುದೇ ಇಲ್ಲ. ಬೇರೆಯವರು ತಾವು ಕಾಣದ ಹಣ್ಣುಗಳ ಹೆಸರು ಹೇಳುತ್ತಿದ್ದರೆ ಹೇಳಲಿ. ನನ್ನ ನಾಲಿಗೆಗೆ ಗೊತ್ತಿರುವುದರಿಂದಲೇ ನಾನು ಅಳೆಯುತ್ತೇನೆ, ಮತ್ತು ಅದು ಸರಿಯಾಗಿಯೇ ಅಳೆಯುತ್ತದೆ.

ಊರಿನಲ್ಲಿ ಇದಕ್ಕೆ ಹುಚ್ಚು ಎಂದು ಹೆಸರು. ಕೆಲಸ ಎಂದು ಮೊದಲು ಕರೆದವರು ಬಾದಾಮಿಯ ಒಂದು ಹೋಟೆಲಿನ ಮ್ಯಾನೇಜರ್ ಹೆಣ್ಣುಮಗಳು, ಎಲ್ಲರೂ ಕರೆಯುವಂತೆ ಮ್ಯಾನೇಜರ್ ಬಾಯಿ. ಹೋಟೆಲು ಪಟ್ಟದಕಲ್ಲಿನ ರಸ್ತೆಯಲ್ಲಿದೆ. ಅತಿಥಿಗಳಿಗೆ ಮಾರಲು ಅವರು ನಮ್ಮಲ್ಲಿ ಸೀರೆ ತರಿಸುತ್ತಿದ್ದರು. ಸೀರೆ ಕೊಡಲು ಹೋದಾಗ ಅವರ ವೈನಿನ ಪಟ್ಟಿ ನೋಡಿ ನಾನು ಸುಮ್ಮನಿರಲಾರದೆ ಮಾತಾಡಿದೆ. ಅವರು ಬಾಗಲಕೋಟೆಯವರೇ, ಮಾತು ಕಡಿಮೆ. ಪ್ರವಾಸಿಗರು ಹಗಲೆಲ್ಲ ಗುಹೆ ನೋಡಿ, ಸಂಜೆ ಮಾಡಲು ಏನೂ ಇಲ್ಲದೆ ಫೋನು ನೋಡುತ್ತ ಕೂರುತ್ತಾರೆ ಎಂದರು. ನಾನು ಒಂದು ಸಂಜೆ ತಮ್ಮೆದುರು ವೈನುಗಳನ್ನು ಮೂಸಿ, ರುಚಿ ನೋಡಿ ಹೋಲಿಸುವ ಕಾರ್ಯಕ್ರಮ ನಡೆಸಿ ತೋರಿಸಬೇಕು, ಚೆನ್ನಾಗಿ ಬಂದರೆ ಚಳಿಗಾಲ ಪೂರ್ತಿ ಪ್ರತಿ ಶನಿವಾರ ನನ್ನದು, ಇಲ್ಲದಿದ್ದರೆ ಸೀರೆ ವ್ಯಾಪಾರ ಹೇಗೂ ಇದ್ದೇ ಇದೆ ಎಂದರು. ನನಗೆ ಬೇಕಾಗಿದ್ದದ್ದು ಆ ಶನಿವಾರಗಳು. ಸಿಕ್ಕೇ ಸಿಗುತ್ತವೆ ಎಂಬುದರಲ್ಲಿ ನನಗೆ ಸಂಶಯವೂ ಇರಲಿಲ್ಲ.

ತೆಳು ಗಾಜಿನ, ಉದ್ದ ಕಾಲಿನ ಗ್ಲಾಸುಗಳನ್ನು ಹುಬ್ಬಳ್ಳಿಯಿಂದ ತಂದಿಟ್ಟಿದ್ದೆ. ಬಾದಾಮಿಯ ದಾರಿಯಲ್ಲಿ ಅವು ಒಡೆಯುತ್ತವೆಂದು ಅವ್ವನಿಗೇ ನನಗಿಂತ ಹೆಚ್ಚು ಚಿಂತೆ. ನಮ್ಮಂಥ ಮನೆಗಳಲ್ಲಿ ಬೆಲೆಯುಳ್ಳದ್ದು ಏನೇ ಇದ್ದರೂ ಅದು ಹೋಗುವುದು ಸೀರೆಯ ಟ್ರಂಕಿಗೆ: ಮನೆ ಪತ್ರ, ಬಂಗಾರ, ಮದುವೆಯ ಫೋಟೋ. ಅವ್ವ ಒಂದೊಂದು ಗ್ಲಾಸಿಗೂ ಹಳೆಯ ಸೀರೆಯ ತುಂಡು ಸುತ್ತಿ, ಒಂದು ವಾರ ಮೊದಲೇ ಟ್ರಂಕಿನಲ್ಲಿ ಮಗುವಿನಂತೆ ಮಲಗಿಸಿದಳು. ಹೊರಡುವ ದಿನ ಟ್ರಂಕಿನ ಸಮೇತ ಗೆಳೆಯನ ಕಾರಿನಲ್ಲಿಟ್ಟೆವು. ಹುನಗುಂದ, ಅಮೀನಗಡ, ಗುಳೇದಗುಡ್ಡ ದಾಟಿ ಬಾದಾಮಿ ಮುಟ್ಟಿದಾಗ ಒಂದೂ ಬಿರುಕು ಬಿಟ್ಟಿರಲಿಲ್ಲ. ಸುತ್ತಿದ ಬಟ್ಟೆಯಿಂದಲೇ ಅವನ್ನು ಮಿರಿಮಿರಿ ಮಿಂಚುವವರೆಗೆ ಒರೆಸಿ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಬಿಸಿಲು ಇಳಿದು ಎದುರಿನ ಗುಡ್ಡ ಕೆಂಪಾಗಿತ್ತು. ಗ್ಲಾಸುಗಳಲ್ಲಿ ಅದೂ ಕೆಂಪಾಗಿ ಕಾಣುತ್ತಿತ್ತು.

ಮೇಜಿಗೆ ಮ್ಯಾನೇಜರ್ ಬಾಯಿ, ಜೊತೆಗೆ ಹೋಟೆಲಿನಲ್ಲಿ ಉಳಿದಿದ್ದ ಹೈದರಾಬಾದಿನ ಗಂಡ ಹೆಂಡತಿ. ಗೆಳೆಯ ವಾಪಸು ಗಾಡಿ ಓಡಿಸಬೇಕಾದ್ದರಿಂದ ಮೂಸುವುದಕ್ಕೆ ಮಾತ್ರ ಒಪ್ಪಿ ತುದಿಗೆ ಕೂತ. ಬಿಳಿ ವೈನ್, ಕೆಂಪು ವೈನ್, ಕಂದು ಪೋರ್ಟ್ ಮೂರನ್ನೂ ಎಲ್ಲರೆದುರು ಸುರಿದೆ. ನನ್ನ ಮಾತು ಹರಿಯತೊಡಗಿತು. ಪೇರಲ ಎಂದೆ, ಹೈದರಾಬಾದಿನವರು ಹೌದು ಪೇರಲ ಎಂದರು. ಕವಳಿ ಎಂದೆ. ಆ ಹಣ್ಣನ್ನು ಅವರು ಕಂಡಿದ್ದರೋ ಇಲ್ಲವೋ, ಹೌದು ಎಂದೇ ತಲೆಯಾಡಿಸಿದರು. ಕರದಂಟು ಎಂದಾಗ ಹೆಂಡತಿ ಬರೆದುಕೊಳ್ಳಲು ಪೆನ್ನು ಹುಡುಕಿದರು.

ಮ್ಯಾನೇಜರ್ ಬಾಯಿ ಮಾತ್ರ ಮೂರು ಗ್ಲಾಸನ್ನೂ ಸರದಿಯಂತೆ ಎತ್ತಿ, ಮೂಸಿ, ಇಳಿಸಿ, ಮತ್ತೆ ಮೊದಲಿನಿಂದ ಮೂಸಿದರು.

“ನೀವು ಮೂರೂ ಬ್ಯಾರೆ ಬ್ಯಾರೆ ಅಂತೀರಿ,” ಎಂದರು. “ನನಗ ಮೂರರಾಗೂ ಒಂದ ವಾಸನಿ ಬರಾಕತ್ತೈತ್ರಿ.”

ನಾನು ನನ್ನ ಗ್ಲಾಸನ್ನು ಮೂಸಿದೆ. ಪೇರಲ. ಇನ್ನೊಂದನ್ನು ಮೂಸಿದೆ. ಕವಳಿ. ಎಲ್ಲವೂ ಸ್ವಚ್ಛವಾಗಿತ್ತು. ಕೆಲವೊಮ್ಮೆ ಮೊದಲ ಸಲಕ್ಕೆ ಮೂಗಿಗೆ ಗೊಂದಲವಾಗುತ್ತದೆ ಎಂದು ಅವರಿಗೆ ಸಮಾಧಾನ ಹೇಳಲು ಬಾಯಿ ತೆರೆದವನು ತಡೆದುಕೊಂಡೆ. ಅವರದು ಊಹೆ ಮಾಡಿ ಮಾತಾಡುವ ಮುಖವಲ್ಲ. ಬಾಟಲಿಗಳು ಮೂರು ಕಡೆಯವು, ಮೂರಕ್ಕೂ ಒಂದೇ ದೋಷ ಬರಲು ಸಾಧ್ಯವಿಲ್ಲ. ಮೂರಕ್ಕೂ ಸಮಾನವಾದದ್ದು ಗಾಜು ಒಂದೇ. ಖಾಲಿ ಉಳಿದಿದ್ದ ಗ್ಲಾಸೊಂದನ್ನು ತೆಗೆದು ಗೆಳೆಯನಿಗೆ ಕೊಟ್ಟೆ.

ಅವನು ಮೂಸಿ, ನನ್ನ ಮುಖ ನೋಡಿದ.

“ನಿಮ್ಮ ಮನಿ ವಾಸನಿಲೇ ಇದು. ಡಾಂಬರ ಗುಳಿಗೀದು. ನೀ ಬಂದ್ರ ನಮ್ಮ ರೂಮಿಗೆಲ್ಲಾ ಹೊಡೀತೈತಿ.”

ನುಸಿ ಹತ್ತದಿರಲೆಂದು ಸೀರೆಗಳ ನಡುವೆ ಇಡುವ ಬಿಳಿ ಗುಳಿಗೆ. ನಾನು ಹುಟ್ಟಿದ್ದೇ ಆ ವಾಸನೆಯಲ್ಲಿ. ಪರದೆಯ ಈಚೆಗೂ ಅದೇ, ಆಚೆಗೂ ಅದೇ. ಗ್ಲಾಸನ್ನು ಮತ್ತೆ ಮೂಗಿಗೆ ಒತ್ತಿಕೊಂಡೆ, ಏನೂ ಬರಲಿಲ್ಲ. ಸ್ಕಾಟ್ಲೆಂಡಿನ ಹೊಗೆಯನ್ನು ಹಿಡಿಯುವ ಮೂಗಿಗೆ ಸ್ವಂತ ಮನೆ ಸಿಗುತ್ತಿರಲಿಲ್ಲ.

ಆದರೆ ನನ್ನ ಮೂಗು ಕೆಟ್ಟಿಲ್ಲ, ಒಂದು ವಾಸನೆಗೆ ಮಾತ್ರ ಕುರುಡು, ಅದು ಯಾವುದು ಎಂದೂ ಈಗ ಗೊತ್ತಾಯಿತು. ಇದ್ದದ್ದನ್ನು ಇದ್ದಂತೆ ಮೇಜಿಗೆ ಹೇಳಿದೆ: ಗ್ಲಾಸುಗಳು ಸೀರೆ ಟ್ರಂಕಿನಲ್ಲಿ ಬಂದಿವೆ, ಸೀರೆಯ ಬಟ್ಟೆಯಿಂದಲೇ ಒರೆಸಿದ್ದೇನೆ, ನೀವೀಗ ಮೂಸುತ್ತಿರುವುದು ನಮ್ಮ ಮನೆಯನ್ನು. ಹೈದರಾಬಾದಿನ ಹೆಂಡತಿ ನಗಲು ಶುರು ಮಾಡಿದರು. ತಮಗೂ ಮೊದಲಿಂದ ಬರುತ್ತಿತ್ತು, ಒಳ್ಳೆಯ ವೈನ್ ಹೀಗೇ ಇರುತ್ತದೇನೋ ಎಂದು ಸುಮ್ಮನಿದ್ದುದಾಗಿ ಹೇಳಿದರು. ಗಂಡ ಆಗಲೂ ಪೇರಲ ಬಿಟ್ಟುಕೊಡಲಿಲ್ಲ.

ಅಡುಗೆ ಮನೆಯಿಂದ ಚಹಾದ ಸಣ್ಣ ಗಾಜಿನ ಗ್ಲಾಸುಗಳನ್ನು ತರಿಸಿ, ಬಿಸಿನೀರಿನಲ್ಲಿ ಅದ್ದಿಸಿ, ಸುರಿಯುವ ಮೊದಲು ಖಾಲಿಯಾಗಿಯೇ ಎಲ್ಲರ ಕೈಯಲ್ಲೂ ಮೂಸಿಸಿದೆ. ಆಮೇಲೆ ಹೊಸದಾಗಿ ಸುರಿದೆ. ಈ ಸಲ ನಾನು ಏನನ್ನೂ ಹೇಳಲಿಲ್ಲ. ಅವರಿಗೇನು ಬರುತ್ತದೆ ಎಂದು ಕೇಳಿದೆ. ಮೂವರೂ ಗ್ಲಾಸಿಗೆ ಮೂಗಿಟ್ಟರು. ಆಮೇಲೆ ಹೆಂಡತಿ, ಬಿಳಿ ವೈನಿನಲ್ಲಿ ತಮ್ಮ ತವರಿನ ಹಿತ್ತಲಿನ ನಿಂಬೆಗಿಡದ ಎಲೆಯಿದೆ ಎಂದರು. ಗಂಡನಿಗೆ ಕೆಂಪಿನಲ್ಲಿ ಹೊಸ ಚಪ್ಪಲಿಯ ಚರ್ಮ ಸಿಕ್ಕಿತು. ಅದು ನಿಜವಾಗಿಯೂ ಇತ್ತು, ಕವಳಿಯ ಗಲಾಟೆಯಲ್ಲಿ ನಾನೇ ದಾಟಿಸಿಬಿಟ್ಟಿದ್ದೆ. ಮ್ಯಾನೇಜರ್ ಬಾಯಿ ಪೋರ್ಟ್ ಮೂಸಿ, ಒಲೆಯ ಮೇಲೆ ಸ್ವಲ್ಪ ಹೊತ್ತು ಹೆಚ್ಚಾಗಿ ಉಳಿದ ಹೂರಣ ಎಂದರು. ಕೊನೆಗೆ ಹೊಗೆಯ ವಿಸ್ಕಿ ಸುರಿದಾಗ ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು, ನನಗೆ ನಡುವೆ ತೂರಲು ಜಾಗವೇ ಇರಲಿಲ್ಲ.

ಅತಿಥಿಗಳು ಊಟಕ್ಕೆ ಹೋದ ಮೇಲೆ ಮ್ಯಾನೇಜರ್ ಬಾಯಿ ಕುರ್ಚಿ ಬಿಟ್ಟು ಏಳದೆ ಕೂತರು. ನಾನು ಗ್ಲಾಸುಗಳನ್ನು ಕಟ್ಟುತ್ತಿದ್ದೆ. ಗೆಳೆಯ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ.

“ಶನಿವಾರ ಬರ್ರಿ,” ಎಂದರು. “ಗ್ಲಾಸು ನಮ್ಮವಽ ಇರ್ಲಿ. ಇನ್ನೊಂದು, ನೀವು ಮೊದಲಽ ಹೇಳಿಬಿಟ್ರ ಮಂದಿಗೆ ಅದಽ ವಾಸನಿ ಬರ್ತೈತಿ. ಅವರು ಹೇಳ್ಲಿ, ಆಮ್ಯಾಲೆ ನೀವು ಹೇಳ್ರಿ.”

ಮೊದಲನೆಯ ಷರತ್ತಿಗೆ ತಕ್ಷಣ ಒಪ್ಪಿದೆ. ಎರಡನೆಯದು ನನ್ನ ಜೀವ ಕೇಳಿದ ಹಾಗಿತ್ತು. ಆದರೂ ಒಪ್ಪಿದೆ.

ಮರುದಿನ ಅವ್ವನಿಗೆ ನಡೆದದ್ದನ್ನು ಹೇಳಿದರೆ ಅವಳು ನಂಬಲಿಲ್ಲ. ಟ್ರಂಕಿನ ಮುಚ್ಚಳ ಎತ್ತಿ, ತಲೆಯನ್ನೇ ಒಳಗೆ ಹಾಕಿ ಉಸಿರೆಳೆದಳು.

“ಎಲ್ಲೈತಪಾ ವಾಸನಿ?” ಎಂದಳು.

ಮೊದಲ ಶನಿವಾರ ಮೇಜಿನ ತುಂಬ ಜನರಿದ್ದರು. ಕಂದು ಪೋರ್ಟ್ ಸುರಿದು ನಾನು ಹಿಂದೆ ಸರಿದು ನಿಂತೆ. ಅದರಲ್ಲಿ ಏನಿದೆ ಎಂದು ನಮ್ಮ ಜಿಲ್ಲೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಇರಲಿಕ್ಕಿಲ್ಲ. ನಾಲಿಗೆಯ ತುದಿಯಲ್ಲಿ ಎಲ್ಲ ಸಾಲಾಗಿ ನಿಂತಿತ್ತು. ದೂರದ ಬಾಗಿಲಲ್ಲಿ ಮ್ಯಾನೇಜರ್ ಬಾಯಿ ಕೈಕಟ್ಟಿ ನೋಡುತ್ತಿದ್ದರು. ಮೇಜಿನ ತುದಿಯಲ್ಲಿದ್ದ ಹಿರಿಯರೊಬ್ಬರು ಗ್ಲಾಸನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ಹುಬ್ಬು ಗಂಟಿಕ್ಕಿತು, ತುಟಿ ಅಲುಗಿತು, ಮತ್ತೆ ನಿಂತಿತು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡು, ಬಾಯಿ ಮುಚ್ಚಿ, ಅವರು ಹೇಳುವುದನ್ನು ಕಾದೆ.