ಅಚ್ಚಿನಲ್ಲಿ ಬಂದ ನಮ್ಮನೆ ಬಾಗಿಲು

ಮೊನ್ನೆ ನಮ್ಮ ಮನೆ ಬಾಗಿಲಿಗೆ ಬಣ್ಣ ಹೊಡೆಯಲು ಪೇಂಟರ್ ಬಂದಿದ್ದ. ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದನೋ ಇಲ್ಲವೋ, ಎದುರುಮನೆಯ ಹುಡುಗಿ ಕಣ್ಣ ಮುಂದೆ ಬಂದು ನಿಂತಳು. ಕೊನೆಯ ಸಲ ಬಂದಾಗ ಅವಳ ಕೈಗೂ ಇದೇ ವಾಸನೆಯಿತ್ತು...

ಆಳಂದದ ನಮ್ಮ ಓಣಿಯಲ್ಲೇ ಬೆಳೆದವಳು. ತಾಯಿ ಇರಲಿಲ್ಲ. ಅಪ್ಪನಿಗೆ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದ. ಹತ್ತು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಓಡಿ ಬಂದು ನಮ್ಮ ಬಾಗಿಲು ಬಡಿದಳು. "ಕಾಕು, ತೆಗೀರಿ" ಎಂದು ಅತ್ತಳು. ನಾನು ಒಳಗೆ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದೆ. ತೆಗೆಯಲಿಲ್ಲ. ಮಂದಿ ಮನೆಯ ಉಸಾಬರಿ ಬೇಡ ಎಂದು ನಮ್ಮ ಯಜಮಾನರು ಹೇಳಿದ್ದರು, ಅವಳಪ್ಪನ ಭಯವೂ ಇತ್ತು. ಸ್ವಲ್ಪ ಹೊತ್ತಿಗೆ ಬಡಿತ ನಿಂತಿತು. ಅಷ್ಟೇ.

ಮುಂದೆ ಕಲಬುರಗಿಯ ಹಾಸ್ಟೆಲ್ ಸೇರಿ ಚಿತ್ರಕಲೆ ಕಲಿತಳು. ಮರದ ಹಲಗೆ ಕೆತ್ತಿ, ಮಸಿ ಹಚ್ಚಿ, ಕಾಗದದ ಮೇಲೆ ಅಚ್ಚು ತೆಗೆಯುವ ಕೆಲಸ. ಅಪ್ಪ ತೀರಿಕೊಂಡ ಮೇಲೆ ಒಂದು ದಿನ ಬೆಳಿಗ್ಗೆ ಓಣಿಗೆ ಬಂದು, ಬೇವಿನಮರದಿಂದ ಕರೆಂಟ್ ಕಂಬಕ್ಕೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದಂತೆ ಚಿತ್ರಗಳನ್ನು ತೂಗುಹಾಕಿದಳು. ಪ್ರದರ್ಶನವಂತೆ! "ದೊಡ್ಡ ಊರಾಗ ಹಾಲ್ ಸಿಗಲಿಲ್ಲೇನ ಬೇ?" ಎಂದು ಚೇಷ್ಟೆ ಮಾಡಿದೆ.

"ಇಲ್ಲೇ ಆಗಿದ್ದು ಕಾಕು. ಇಲ್ಲೇ ನೋಡಬೇಕು" ಎಂದಳು. ಬೆರಳಿನ ಮಸಿಯನ್ನು ಟರ್ಪೆಂಟೈನ್ ಹಚ್ಚಿ ಬಿಡಿಸಿ, ನಮ್ಮ ನಲ್ಲಿಯಲ್ಲಿ ಕೈ ತೊಳೆಯುತ್ತ ಕೆಲಸದ ಗುಟ್ಟನ್ನೂ ಹೇಳಿದಳು: "ನಾ ಕಂಡಂಗ ಕೆತ್ತೇನಿ. ಹಲಗಿ ಮ್ಯಾಲ ಎಡಕ್ಕಿದ್ದದ್ದು ಕಾಗದದಾಗ ಬಲಕ್ಕ ಬರ್ತದ್ರಿ."

ಎಲ್ಲ ಚಿತ್ರದಲ್ಲೂ ಒಂದೇ ಬಾಗಿಲು, ನಮ್ಮದು. ಮೇಲೆ ಕುದುರೆ ಲಾಳ, ಪಕ್ಕಕ್ಕೆ ಕಿಟಕಿ, ಮುಂದೆ ಹುಡುಗಿ. ಚಿತ್ರದಿಂದ ಚಿತ್ರಕ್ಕೆ ಹುಡುಗಿ ದೊಡ್ಡವಳಾಗುತ್ತಿದ್ದಳು, ಬಾಗಿಲು ಮಾತ್ರ ಮುಚ್ಚಿಯೇ ಇತ್ತು. ಕೊನೆಗೊಂದು ಖಾಲಿ ಕಾಗದ.

"ಇದು ಬಾಗಿಲು ತೆಗೆದ ಚಿತ್ರ. ಇನ್ನೂ ಕೆತ್ತಿಲ್ಲ" ಎಂದು ಸೇರಿದವರಿಗೆ ಹೇಳಿದಳು. "ನಿನ್ನ ಅಳು ನಮಗ ಕೇಳಿತ್ತು ಅಂತ ಓಣ್ಯಾಗ ಒಬ್ರು ಅಂದ್ರ ಸಾಕು, ಕೆತ್ತತೇನಿ."

ಜನ ಪಿಳಿಪಿಳಿ ನೋಡಿದರು. ಹಿರಿಯರೊಬ್ಬರು ನಮ್ಮ ಮನೆ ಕಡೆ ಕೈ ತೋರಿಸಿ, "ಆ ಮನಿ ಕಿಡಕಿ ಎಡಕ್ಕದ, ಇದರಾಗ ಬಲಕ್ಕದ. ಇದು ನಮ್ಮ ಓಣಿದಲ್ಲ ಬಿಡ್ರಿ" ಎಂದರು. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಹುಡುಗಿ ನನ್ನ ಕಡೆ ತಿರುಗಿದಳು. ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ ಎಂದು ಬೆಳಿಗ್ಗೆಯಷ್ಟೇ ನನಗೆ ಹೇಳಿಕೊಟ್ಟಿದ್ದಳಲ್ಲ... ಬಾಯಿ ತೆರೆದೆ. "ಹೌದವ್ವಾ, ನಮ್ಮ ಕಿಡಕಿ ಎಡಕ್ಕದ" ಎಂದುಬಿಟ್ಟೆ.

ಅವಳು ಒಂದೊಂದೇ ಕ್ಲಿಪ್ಪು ತೆಗೆದು, ಕಾಗದ ಸುತ್ತಿಕೊಂಡು, ಸಂಜೆಯ ಬಸ್ಸಿಗೆ ಹೋದಳು. ಮತ್ತೆ ಬರಲಿಲ್ಲ. ಅವಳ ಫೋನ್ ನಂಬರು ಓಣಿಯಲ್ಲಿ ಯಾರ ಹತ್ತಿರವೂ ಇಲ್ಲ. ಎರಡು ಸಲ ಕೇಳಿದ್ದಳು, ಎರಡು ಸಲವೂ ನನ್ನಿಂದ ಆಗಲಿಲ್ಲ. ನಾಚಿಕೆಯಾಗುತ್ತದೆ. ಆದರೆ ಈಗ ನಾಚಿ ಏನು ಮಾಡಲಿ?

"ಬಣ್ಣ ಒಣಗೋತನ ಬಾಗಿಲು ಹಾಕಬ್ಯಾಡ್ರಿ" ಎಂದು ಹೇಳಿ ಪೇಂಟರ್ ಹೋದ. ಸಂಜೆಯವರೆಗೂ ತೆರೆದ ಬಾಗಿಲ ಮುಂದೆ ಕುಳಿತಿದ್ದೆ. "ಕೇಳಿತ್ತವ್ವಾ, ನನಗ ಕೇಳಿತ್ತು" ಎಂದೆ, ಸಣ್ಣ ದನಿಯಲ್ಲೇ. ಎದುರುಮನೆಗೆ ಬೀಗ ಹಾಕಿತ್ತು.