ಅಮ್ಮ ಸರ್ವೇಯರ್‌ಗೆ ಹೇಳಿದ ಮಾತು

ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಅಮ್ಮನ ಕೋಣೆಗೂ ಬಚ್ಚಲಿಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯೊಳಗಿನ ಪೈಪ್ ಒಡೆದ ದಿನ ನಾನು ಗುಬ್ಬಿಯ ಕಚೇರಿಯಲ್ಲಿದ್ದೆ, ನನ್ನ ಗಂಡ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ. ಸಂಜೆ ಬಂದು ನೋಡಿದರೆ ಗಿಲಾವು ಕಳಚಿ ಮಂಚದ ಮೇಲೆ ಬಿದ್ದಿತ್ತು, ಪ್ಲೈವುಡ್ ಬೀರು ಹಪ್ಪಳದ ಹಾಗೆ ಉಬ್ಬಿತ್ತು, ಅಮ್ಮ ಸೀರೆ ಎತ್ತಿ ಕಟ್ಟಿಕೊಂಡು ನೀರು ಬಳಿಯುತ್ತಿದ್ದಳು. ಒಂದು ಫೋನ್ ಮಾಡಲಿಕ್ಕೆ ಏನಾಗಿತ್ತು ಎಂದು ರೇಗಿದೆ. ಕೆಲಸದಲ್ಲಿರ್ತೀಯ, ಸುಮ್ಮನೆ ಯಾಕೆ ಅಂದುಕೊಂಡೆ ಎಂದಳು.

ಮನೆ ಸಾಲ ತೆಗೆದುಕೊಂಡಾಗ ಬ್ಯಾಂಕಿನವರೇ ಮಾಡಿಸಿದ್ದ ಒಂದು ಇನ್ಶೂರೆನ್ಸ್ ಇತ್ತು. ಇದೆ ಎನ್ನುವುದೇ ಮರೆತುಹೋಗಿತ್ತು. ಗೋಡೆ ಒಡೆಸಿ, ಪೈಪ್ ಬದಲಿಸಿ, ಮತ್ತೆ ಗಿಲಾವು ಮಾಡಿಸುವುದು ನಮ್ಮ ಸಂಬಳದಲ್ಲಿ ಆಗುವ ಮಾತಲ್ಲ. ಅದು ಆಗುವ ತನಕ ಅಮ್ಮ ಆ ಕೋಣೆಯಲ್ಲಿ ಮಲಗುವ ಹಾಗೂ ಇರಲಿಲ್ಲ, ಅವಳಿಗೆ ಮೊದಲೇ ಉಬ್ಬಸ. ಹಾಗಾಗಿ ಕ್ಲೇಮ್ ಹಾಕಿದೆವು.

ಹಾನಿ ಎಷ್ಟೆಂದು ನೋಡಲು ಇನ್ಶೂರೆನ್ಸ್‌ನವರ ಸರ್ವೇಯರ್ ಬರುತ್ತಾರೆ ಎಂದು ಗೊತ್ತಾದ ಕೂಡಲೇ ಅಮ್ಮ ಮನೆ ತೊಳೆಯಲು ನಿಂತಳು. ಬಿದ್ದ ಗಿಲಾವನ್ನೆಲ್ಲ ಬಾಚಿ ಹೊರಗೆ ಹಾಕಿದಳು. ಉಬ್ಬಿದ ಬೀರುವಿಗೆ ಹಳೇ ಸೀರೆ ಹೊದಿಸಿದಳು. ಬಾಗಿಲಿಗೆ ದೊಡ್ಡ ರಂಗೋಲಿ ಬೇರೆ. ಹಾಳಾದದ್ದನ್ನು ನೋಡಲಿಕ್ಕೇ ಅವರು ಬರುತ್ತಿರುವುದು ಎಂದು ನಾನು ಹೇಳಿದರೆ, ಬಂದವರು ಈ ಕೊಂಪೆಯಲ್ಲಿ ಎಲ್ಲಿ ಕೂರಬೇಕು ಎಂದು ನನ್ನನ್ನೇ ಕೇಳಿದಳು.

ಆತ ಬಂದ, ಫೋಟೋ ತೆಗೆದುಕೊಂಡ, ಅಮ್ಮ ಕೊಟ್ಟ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು, ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದ.

"ಏನಿಲ್ಲ ಬುಡಪ್ಪ, ಮೊದ್ಲಿಂದಾನೂ ಸ್ವಲ್ಪ ಹಂಗೇ ಐತೆ," ಎಂದಳು ಅಮ್ಮ. "ನೀನು ತಿನ್ನು, ಆರೋಯ್ತದೆ."

ನಾನು ಪಕ್ಕದಲ್ಲೇ ನಿಂತಿದ್ದೆ. ನನಗೆ ಏನೂ ಅನ್ನಿಸಲಿಲ್ಲ ಎನ್ನುವುದೇ ವಿಚಿತ್ರ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಮಾತೆಂದು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಬಂದವರಿಗೆ ಕುಡಿಯಲು ನೀರು ಕೊಡುವ ಹಾಗೆ ಅದೂ ಒಂದು. ಕೈ ಮೂಳೆ ಮುರಿದಾಗಲೂ ಅಮ್ಮ ನೋಡಲು ಬಂದವರಿಗೆಲ್ಲ ಸ್ವಲ್ಪ ಉಳುಕಿದೆ ಅಷ್ಟೇ ಎಂದವಳು. ಗುಬ್ಬಿಯಲ್ಲಿ ನಮ್ಮ ಕಚೇರಿಗೆ ಬರುವ ರೈತರೂ ಹೀಗೆಯೇ. ತೋಟದಲ್ಲಿ ತೆಂಗು ಪೂರ್ತಿ ಒಣಗಿದ್ದರೂ ಮೊದಲು ಏನೋ ನಡೀತಾ ಐತೆ ಮೇಡಂ ಎನ್ನುತ್ತಾರೆ. ಎರಡು ಮೂರು ಸಲ ಕೇಳಿದ ಮೇಲೆಯೇ ಬಾಯಿ ಬಿಡುವುದು. ಆ ಸರ್ವೇಯರ್ ಒಂದೇ ಸಲ ಕೇಳಿ ಬರೆದುಕೊಂಡುಬಿಟ್ಟ.

ಕ್ಲೇಮ್ ತಿರಸ್ಕಾರವಾಯಿತು. ಇದು ಹಠಾತ್ತನೆ ಆದ ಹಾನಿಯಲ್ಲ, ಬಹಳ ಕಾಲದಿಂದ ಇದ್ದ ಜಿನುಗು, ಮನೆಯವರೇ ಹಾಗೆಂದು ಹೇಳಿದ್ದಾರೆ ಎಂದು ಬರೆದಿದ್ದರು. ಓದಿದಾಗ ಅವರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅಮ್ಮನ ಮೇಲೆ ಬಂತು. ಅವಳಿಗೆ ವಿಷಯವೇ ತಿಳಿಯಲಿಲ್ಲ. ನಾನು ಹೇಳಿದ್ದರಲ್ಲಿ ಕೆಟ್ಟದ್ದೇನಿತ್ತು ಎಂದಳು. ಆ ವಾರವೇ ನನ್ನ ತಂಗಿ ಬಂದು ಅವಳನ್ನು ಕುಣಿಗಲ್‌ನ ತನ್ನ ಮನೆಗೆ ಕರೆದುಕೊಂಡು ಹೋದಳು.

ಆಮೇಲೆ ಶುರುವಾಯಿತು ನನ್ನ ತಲೆ ಕೆಡುವ ಕೆಲಸ. ಇನ್ಶೂರೆನ್ಸ್ ಆಫೀಸಿಗೆ ರಜಾ ಹಾಕಿ ಹಾಕಿ ಓಡಾಡಿದೆ. ಅಲ್ಲಿನ ಅಧಿಕಾರಿಯದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತು. ಆಗುವುದಿಲ್ಲ ಎನ್ನುವುದಿಲ್ಲ, ಆಗುತ್ತದೆ ಎನ್ನುವುದೂ ಇಲ್ಲ. ಪೈಪ್ ಒಡೆದಿದ್ದರೆ ಕೊಡುತ್ತೇವೆ, ಜಿನುಗಿದ್ದರೆ ಇಲ್ಲ ಎಂದರು. ಒಡೆಯುವ ಮುಂಚೆ ಎಲ್ಲ ಪೈಪೂ ಸ್ವಲ್ಪ ಜಿನುಗುವುದಿಲ್ಲವೇ ಎಂದೆ. ಪಾಲಿಸಿ ಓದಿ ಎಂದರು. ಓದಿದೆ. ಕನ್ನಡದಲ್ಲಿ ಎಂಎ ಮಾಡಿದ ನನಗೆ ಅದರ ತಲೆಬುಡ ಅರ್ಥವಾಗಲಿಲ್ಲ.

ಇದಕ್ಕಿಂತ ದೊಡ್ಡ ಗೊಂದಲ ಬೇರೆ ಇತ್ತು. ಅಮ್ಮ ಹೇಳಿದ್ದು ನಿಜವೇ ಆಗಿದ್ದರೆ? ಆ ಗೋಡೆಗೆ ಅವಳು ಒಂದು ಕ್ಯಾಲೆಂಡರ್ ನೇತುಹಾಕಿದ್ದಳು. ತೇವದ ಕಲೆ ಮುಚ್ಚಲಿಕ್ಕೋ, ಅಲ್ಲಿ ಮೊಳೆ ಇತ್ತೆಂದೋ? ತೇವ ಇದ್ದಿದ್ದರೆ ನಮಗೆ ತೊಂದರೆ ಯಾಕೆಂದು ಹೇಳುತ್ತಿರಲಿಲ್ಲ. ಇಲ್ಲದಿದ್ದರೂ ಬಂದವರೆದುರು ಇತ್ತು ಎನ್ನುತ್ತಿದ್ದಳು. ಹುಟ್ಟಿದಾಗಿನಿಂದ ನೋಡಿದ ಮುಖ, ಆದರೂ ಯಾವುದು ನಿಜ ಎಂದು ಹೇಳಲು ನನಗೆ ಆಗುತ್ತಿರಲಿಲ್ಲ.

ಕೊನೆಗೆ ಆ ಅಧಿಕಾರಿಯೇ ಒಂದು ದಾರಿ ಹೇಳಿಕೊಟ್ಟರು. ತಾಯಿಗೆ ವಯಸ್ಸಾಗಿದೆ, ಮರೆವು, ತಿಳಿಯದೆ ಏನೋ ಹೇಳಿದ್ದಾರೆ ಎಂದು ಬರೆದು ಅವರ ಸಹಿ ಹಾಕಿಸಿ ತನ್ನಿ, ಮತ್ತೆ ನೋಡೋಣ ಎಂದರು. ಬರೆದೆ. ಬೀದಿಯಲ್ಲಿ ಯಾರ ಮನೆಯ ಮಗು ಯಾವ ನಕ್ಷತ್ರದಲ್ಲಿ ಹುಟ್ಟಿತು ಎಂದು ಇವತ್ತಿಗೂ ತಪ್ಪಿಲ್ಲದೆ ಹೇಳುವವಳಿಗೆ ಮರೆವು ಎಂದು ಬರೆದೆ. ಭಾನುವಾರ ಅದನ್ನು ತೆಗೆದುಕೊಂಡು ಕುಣಿಗಲ್‌ಗೆ ಹೋದೆ.

ಅಮ್ಮ ಹಾಲ್‌ನಲ್ಲಿ ದಿವಾನ್ ಕಾಟ್‌ನ ತುದಿಯಲ್ಲಿ ಕೂತಿದ್ದಳು, ನೆಂಟರ ಮನೆಯಲ್ಲಿ ಕೂರುವ ಹಾಗೆ. ಬ್ಯಾಗು ಕಾಲ ಬುಡದಲ್ಲೇ ಇತ್ತು. ತಂಗಿ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಳು, ಅದರಲ್ಲಿ ಮಾತಿಲ್ಲ. ನಾನು ಬರೆದದ್ದನ್ನು ಓದಿ ಹೇಳಿದೆ. ಅಮ್ಮ ಬೇಜಾರು ಮಾಡಿಕೊಳ್ಳಲಿಲ್ಲ, ಪೆನ್ನಿಗೆ ಕೈ ಚಾಚಿದಳು. ಅವಳು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಪೆನ್ನು ಕೊಡದೆ, ಇಲ್ಲಿ ಹೇಗಿದೆ ನಿನಗೆ ಎಂದು ಕೇಳಿದೆ.

"ಏನಿಲ್ಲ ಬುಡು, ಚೆನ್ನಾಗೈತೆ."

ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಹೊರಡಮ್ಮ ಎಂದೆ. ಗೋಡೆ ಆಗಿಲ್ಲವಲ್ಲ ಎಂದಳು ಅವಳು. ಆಗದಿದ್ದರೆ ಬೇಡ, ಮಂಚ ಹಾಲ್‌ಗೆ ಹಾಕುತ್ತೇನೆ ಎಂದೆ. ತಂಗಿಗೆ ಮುನಿಸು ಬಂತು, ಊಟ ಮಾಡಿದ ಮೇಲೆ ಇಳಿಯಿತು.

ಬಸ್ಸು ಹೆಬ್ಬೂರು ದಾಟಿತು. ಅಮ್ಮ ಕಿಟಕಿಯ ಕಡೆ ನೋಡುತ್ತಲೇ, ನಾನು ಏನೂ ಕೇಳದೆಯೇ ಹೇಳಿದಳು.

"ಅವತ್ತು ಗೋಡೆ ಒಳಗೆ ಢಮ್ ಅಂತು ಕಣೇ. ಒಂದೇ ಸಲಕ್ಕೆ ನೀರು ನುಗ್ತು. ಗೋಡೆನೇ ಮೇಲೆ ಬೀಳ್ತದೆ ಅಂತ ಭಾಳ ಹೆದರ್ಕೊಂಡಿದ್ದೆ."

ಇದು ನಿಜವೋ, ಪಾಪ ನನ್ನ ಕ್ಲೇಮ್ ಆಗಲಿ ಎಂದು ಹೇಳಿದ್ದೋ ಎಂದು ಅನುಮಾನ ಬಂತು. ಅವಳ ಕೈ ನೋಡಿದೆ. ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಇದನ್ನು ಆ ಸರ್ವೇಯರ್ ಹತ್ತಿರ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ತಿನ್ನಲು ಕೂತವರ ಮುಂದೆ ಗೋಳು ಹೇಳಿಕೊಳ್ಳುವುದೇ ಎಂದಳು.

"ನನ್ ಹತ್ರ?"

"ನೀನು ಆಗ್ಲೇ ಸುಸ್ತಾಗಿ ಬಂದಿದ್ದೆ ಕಣವ್ವ."

ಆ ಸದ್ದಿನ ಮಾತನ್ನೇ ಬರೆದು ಇನ್ಶೂರೆನ್ಸ್‌ನವರ ಮೇಲಿನ ಕಚೇರಿಗೆ ಕಳಿಸಿದ್ದೇನೆ, ಮರೆವಿನ ಮಾತು ತೆಗೆದುಹಾಕಿ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಅವರಿಗೆ ಅರ್ಥವಾಗುವ ಉತ್ತರ ನನ್ನಲ್ಲಿಲ್ಲ. ಇನ್ನೊಬ್ಬ ಸರ್ವೇಯರ್ ಬಂದರೂ ಬರಬಹುದಂತೆ. ಬಂದರೆ ಏನು ತಿಂಡಿ ಮಾಡಬೇಕೆಂದು ಅಮ್ಮ ಈಗಲೇ ಯೋಚಿಸುತ್ತಿದ್ದಾಳೆ. ಗೋಡೆ ಹಾಗೆಯೇ ಇದೆ, ಮಂಚ ಹಾಲ್‌ನಲ್ಲಿದೆ. ಮಲಗುವ ಮುಂಚೆ ಹೇಗಿದ್ದೀಯ ಎಂದು ಕೇಳುತ್ತೇನೆ. ಏನಿಲ್ಲ ಬುಡು ಎನ್ನುತ್ತಾಳೆ. ಲೈಟ್ ಆರಿಸದೆ ಅಲ್ಲೇ ನಿಂತು ಇನ್ನೊಂದು ಸಲ ಕೇಳುತ್ತೇನೆ.